ತುಕ್ಕಿಗೆ ನೀರು ಹಾಕಿದ ವೇದವಲ್ಲಿ

ಬೇಲೂರಿನ ದೇವಸ್ಥಾನದ ಪರಿಚಾರಕರ ಮನೆಯಲ್ಲಿ ಹುಟ್ಟಿದ ವೇದವಲ್ಲಿಗೆ ಪಾತ್ರೆ ತಿಕ್ಕುವುದೆಂದರೆ ಪೂಜೆಯಷ್ಟೇ ಮುಖ್ಯ. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಹಿತ್ತಾಳೆ ದೀಪಗಳನ್ನು ಮುಖ ಕಾಣುವಂತೆ ಬೆಳಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮೈದುನನ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಬದುಕಿ ಸಾಕಾಗಿ, ಅರಸೀಕೆರೆಯ ಸಂಗ್ರಹಾಲಯದಲ್ಲಿ ಗುಡಿಸುವ ಕೆಲಸ ಹಿಡಿದಳು. ಈ ಕೆಲಸ ಹೋದರೆ ಮತ್ತೆ ಅದೇ ಅಡುಗೆಮನೆ.

ಅರವತ್ತಾರನೇ ಇಸವಿಯಲ್ಲಿ ಗೂಡ್ಸ್ ಗಾಡಿಯಲ್ಲಿ ಒಂದು ಉಕ್ಕಿನ ಶಿಲ್ಪ ಬಂತು. ಶಿಲ್ಪವೆಂದರೆ ಕಣ್ಣಿಲ್ಲ, ಮೂಗಿಲ್ಲ. ಎರಡಾಳೆತ್ತರದ ಎರಡು ಉಕ್ಕಿನ ಗೋಡೆ, ಒಂದರ ಮೇಲೊಂದು ಬೀಳುವಂತೆ ಬಾಗಿ ನಿಂತಿದ್ದವು. ನಡುವೆ ಒಬ್ಬರು ಹೋಗುವಷ್ಟು ಅಗಲದ, ಒಂದು ತಿರುವಿನ ದಾರಿ. ಒಳಗೆ ಕಾಲಿಟ್ಟರೆ ಮೇಲೆ ಒಂದು ಸೀಳು ಬೆಳಕು, ತನ್ನ ಉಸಿರೇ ತನಗೆ ಕೇಳುವಷ್ಟು ಮೌನ. ಗುಡಿಸಲು ಹೋದಾಗಲೆಲ್ಲ ವೇದವಲ್ಲಿ ಹೆದರಿ, ತಿರುವಿನಲ್ಲಿ ಗೋಡೆಗೆ ಅಂಗೈ ಊರಿ, ದೇವರ ನಾಮ ಹೇಳಿಕೊಂಡೇ ದಾಟುತ್ತಿದ್ದಳು.

ಆ ಗೋಡೆಗಳಿಗೋ ಮೈತುಂಬ ತುಕ್ಕು. ಒಂದು ರಜೆಯ ಮರುದಿನ ಅದನ್ನು ಮಾಡಿದ ಶಿಲ್ಪಿ ಜಯದೇವಪ್ಪ ಬಂದು ನೋಡುವವರಿದ್ದರು. ತುಕ್ಕು ಹಿಡಿದದ್ದನ್ನು ತೋರಿಸಿದರೆ ಮರ್ಯಾದೆ ಹೋಗುವುದು ಗುಡಿಸುವವಳದ್ದೇ ಎಂದುಕೊಂಡು, ಆ ರಜೆಯ ದಿನವಿಡೀ ಕೈಗೆಟಕುವಷ್ಟನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದಳು. ಉಕ್ಕು ಫಳಫಳ ಹೊಳೆಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು.

ಆ ತುಕ್ಕು ಎರಡು ಮಳೆಗಾಲ ಬಯಲಲ್ಲಿಟ್ಟು ಬೇಕೆಂದೇ ಬರಿಸಿದ ಬಣ್ಣವಂತೆ. ಬಂದ ಶಿಲ್ಪಿ ಹೊಳೆಯುವ ಉಕ್ಕಿನ ಮೇಲೆ ಬೆರಳಾಡಿಸಿ ನೋಡಿದರು. ಸಂಗ್ರಹಾಲಯದ ಮುಖ್ಯಸ್ಥ ಅನಂತರಾಮು ಅವರ ಮುಖ ಕಪ್ಪಿಟ್ಟಿತು.

"ಯಾರ ಕೆಲಸ ಇದು?"

ವೇದವಲ್ಲಿ ಸೆರಗು ಹೊದ್ದು ಮುಂದೆ ಬಂದಳು. "ನಾನೇ ತಿಕ್ಕಿದ್ದು ಸ್ವಾಮಿ. ತುಕ್ಕನ್ನು ಹಾಗೇ ಬಿಟ್ಟು ನಮಗೆ ಅಭ್ಯಾಸವಿಲ್ಲ."

"ಪೊರಕೆ ಇಟ್ಟು ಹೊರಡಿ," ಎಂದರು ಅನಂತರಾಮು.

ಶಿಲ್ಪಿ ತಡೆದರು. "ಕಳಿಸಿದ್ರೆ ಬಣ್ಣ ಬರತ್ತಾ? ಕೆಡಿಸಿದವರೇ ಬರಿಸಲಿ. ದಿನಾ ನೀರು ಹಾಕಿಯಮ್ಮ, ತುಳಸಿಗೆ ಹಾಕೋ ಹಾಗೆ."

"ಸರಿ, ಬಣ್ಣ ಬರೋತನಕ ಇರಿ. ಆಮೇಲೆ ನಿಮ್ಮ ದಾರಿ ನೋಡ್ಕೊಳ್ಳಿ," ಎಂದರು ಅನಂತರಾಮು.

ಅಂದಿನಿಂದ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಳ್ಳುವ ಕೆಲಸ ಅವಳದಾಯಿತು. ನೀರು ಹಾಕಿದಷ್ಟೂ ತುಕ್ಕು ಬಂತು, ತುಕ್ಕು ಬಂದಷ್ಟೂ ಅವಳ ನಿದ್ದೆ ಹೋಯಿತು. ಒಂದಿಷ್ಟು ಎಣ್ಣೆ ಸವರಿದ್ದರೆ ತುಕ್ಕು ತಡವಾಗುತ್ತಿತ್ತು. ಆ ಮೋಸ ಅವಳ ಕೈಲಾಗಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಗೋಡೆಯೆಲ್ಲ ಕೆಂಪಾಯಿತು. ಪರೀಕ್ಷಿಸಲು ಅನಂತರಾಮು ಒಳಗೆ ಹೋದ ದಿನ ವೇದವಲ್ಲಿ ಬಟ್ಟೆಯ ಗಂಟು ಕಟ್ಟಿಕೊಂಡೇ ಬಂದಿದ್ದಳು. ತಿರುವಿನಲ್ಲಿ ಅವರು ನಿಂತರು. ಅಂಗೈಯಗಲದ ಒಂದು ಜಾಗ ಮಾತ್ರ ಇನ್ನೂ ಹೊಳೆಯುತ್ತಿತ್ತು.

"ಇದನ್ನ ಮತ್ತೆ ತಿಕ್ಕಿದ್ರಾ?"

"ದೇವರಾಣೆ ಇಲ್ಲ ಸ್ವಾಮಿ," ಎನ್ನುತ್ತ ಹಿಂದೆಯೇ ಇದ್ದ ವೇದವಲ್ಲಿ ಹೆದರುತ್ತಲೇ ತಿರುವಿಗೆ ಬಂದಳು. ಅಭ್ಯಾಸಬಲದಿಂದ ಕೈ ಹೋಗಿ ಅದೇ ಜಾಗದಲ್ಲಿ ಊರಿತು.

ಅನಂತರಾಮು ಆ ಕೈಯನ್ನು ನೋಡಿದರು. ಹೊಳೆಯುವ ಜಾಗ ಅದರಡಿ ಪೂರ್ತಿ ಮುಚ್ಚಿಹೋಗಿತ್ತು. ಅವರು ಹೇಳಿದರು: "ಇಲ್ಲಿನ್ನೂ ಬಂದಿಲ್ವಲ್ಲಮ್ಮ. ಪೂರ್ತಿ ಬರಲಿ."

ವೇದವಲ್ಲಿ ಗಂಟನ್ನು ಮೂಲೆಗಿಟ್ಟು ನೀರಿನ ಕೊಡ ಎತ್ತಿಕೊಂಡಳು. ಅನಂತರಾಮು ನಿವೃತ್ತರಾಗುವವರೆಗೂ ಆ ಅಂಗೈಯಗಲಕ್ಕೆ ಬಣ್ಣ ಬರಲಿಲ್ಲ.