ಬಂಕಾಪುರದಲ್ಲಿ ನಾನು ಹತ್ತದ ಬಸ್ಸು

ನಾನು ಚಿಕ್ಕವನಿದ್ದಾಗ ನಮ್ಮ ಕಡೆಯ ಹೋಟೆಲುಗಳಲ್ಲಿ ಒಂದು ಪರದೆ ಇರುತ್ತಿತ್ತು. ಪರದೆಯ ಈಚೆ ಗಂಡಸರು, ಆಚೆ ಹೆಂಗಸರು. ಪರದೆ ಅಂದರೆ ಏನು ಮಹಾ, ಯಾರದೋ ಹಳೆಯ ಸೀರೆಯನ್ನು ಹರಿದು ಹುರಿಗೆ ಪೋಣಿಸಿದ್ದು. ತಿಂದವರೆಲ್ಲ ಅದರ ಅಂಚಿಗೇ ಕೈ ಒರೆಸಿ ಅದು ಜಿಡ್ಡುಗಟ್ಟಿರುತ್ತಿತ್ತು. ಬಸ್ಸಿನಲ್ಲೂ ಅದೇ ಕಟ್ಟಳೆ: ಹೆಂಗಸರು ಮುಂದೆ, ಗಂಡಸರು ಹಿಂದೆ. ಎಂಟು ವರ್ಷದ ಹುಡುಗನಿಗೆ ಮಾತ್ರ ಎರಡೂ ಕಡೆ ಹೋಗುವ ಪರವಾನಗಿ. ಎರಡೂ ಕಡೆಯವನು ಒಮ್ಮೊಮ್ಮೆ ಯಾವ ಕಡೆಯವನೂ ಆಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಬಂಕಾಪುರದಲ್ಲಿ.

ನಮ್ಮದು ತಿಳವಳ್ಳಿ ಹತ್ತಿರದ ಹಳ್ಳಿ. ಅದರ ಹಿಂದಿನ ಮಳೆಗಾಲದಲ್ಲಿ ಅವ್ವ ತೀರಿಕೊಂಡಿದ್ದಳು. ಮನೆಯಲ್ಲಿ ಉಳಿದವರು ಅಪ್ಪ, ಅಕ್ಕ, ನಾನು. ಅವ್ವ ಹೋದ ಮೇಲೆ ನನ್ನ ತಲೆ ಬಾಚಿದ್ದು, ರೊಟ್ಟಿ ಮುರಿದು ಹಾಲಿಗೆ ಹಾಕಿಕೊಟ್ಟದ್ದು, ಜ್ವರ ಬಂದಾಗ ಪಕ್ಕದಲ್ಲಿ ಕುಳಿತದ್ದು ಎಲ್ಲ ಅಕ್ಕನೇ. ಅಂಥ ಅಕ್ಕನಿಗೆ ಆ ವರ್ಷ ಹಿರೇಕೆರೂರಿನ ಕಡೆಯ ಗಂಡು ಗೊತ್ತಾಯಿತು. ಊರಿನವರೆಲ್ಲ ಮನೆಗೆ ಬಂದು ಸಂತೋಷಪಟ್ಟು ಸಕ್ಕರೆ ತಿಂದು ಹೋದರು. ಅಕ್ಕ ಹೋದ ಮೇಲೆ ನನ್ನ ಗತಿ ಏನು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲಿ ಇಟ್ಟುಕೊಂಡು ತಿರುಗಾಡುತ್ತಿದ್ದೆ, ಅಷ್ಟೆ.

ಮದುವೆಗೆ ಸವಣೂರಿನ ಎಲೆಯೇ ಆಗಬೇಕು ಎಂದು ಅಪ್ಪನ ಹಟ. ವೀಳ್ಯದೆಲೆ ಸವಣೂರಿನದಲ್ಲದಿದ್ದರೆ ಬೀಗರು ಬಾಯಿ ತೆರೆಯುವುದಿಲ್ಲ ಎನ್ನುತ್ತಿದ್ದ. ದೀಪಾವಳಿ ಮುಗಿದು ಗದ್ದೆಯ ಭತ್ತ ಬಾಗಿ ನಿಂತ ದಿನಗಳಲ್ಲಿ ಒಂದು ಮುಂಜಾನೆ ಎಲೆ ಗೊತ್ತುಮಾಡಿ ಬರಲು ಮೂವರೂ ಸವಣೂರಿನ ಬಸ್ಸು ಹತ್ತಿದೆವು. ಅಕ್ಕ ಮುಂದೆ, ಅಪ್ಪ ಹಿಂದೆ. ನಾನು ಒಂದಿಷ್ಟು ದೂರ ಅಲ್ಲಿ, ಒಂದಿಷ್ಟು ದೂರ ಇಲ್ಲಿ. ಹಾನಗಲ್ಲು ದಾಟಿದ ಮೇಲೆ ಬಸ್ಸು ಎಷ್ಟು ತುಂಬಿತೆಂದರೆ ಹಿಂದಿನವರಿಗೆ ಮುಂದಿನವರ ತಲೆಯೂ ಕಾಣುತ್ತಿರಲಿಲ್ಲ. ಕಿಟಕಿಯ ಹೊರಗೆ ಮೆಕ್ಕೆಜೋಳದ ಹೊಲ, ಕೆರೆಯ ಅಂಚಿನಲ್ಲಿ ಬೆಳ್ಳಕ್ಕಿ, ಒದ್ದೆ ಮಣ್ಣಿನ ವಾಸನೆ ಹಿಂದೆ ಸರಿಯುತ್ತಿದ್ದವು.

ಬಂಕಾಪುರದಲ್ಲಿ ಚಹಾಕ್ಕೆ ಬಸ್ಸು ನಿಂತಿತು. ಮಿರ್ಚಿ ಕರಿಯುವ ವಾಸನೆ ನಾವು ಇಳಿಯುವ ಮೊದಲೇ ಬಸ್ಸಿನೊಳಗೆ ಬಂದಿತ್ತು. ತಗಡಿನ ಹೋಟೆಲು, ಹೊಗೆ ಹಿಡಿದ ಗೋಡೆ, ಬಾಗಿಲಲ್ಲೇ ದೊಡ್ಡ ಬಾಣಲೆ. ಹೋಟೆಲಿನ ಮಾಲಕರು ವಯಸ್ಸಾದವರು, ಬನಿಯನ್ ತೊಟ್ಟು, ಹಸಿಮೆಣಸಿನಕಾಯಿಯನ್ನು ಕಡಲೆ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದರು. ಬಿಟ್ಟೊಡನೆ ಸೊರ್ರೆಂದು ಸದ್ದು. ಅಪ್ಪ ನನಗೆ ಕಾಗದದಲ್ಲಿ ಮಂಡಕ್ಕಿ, ಮೇಲೆ ಎರಡು ಮಿರ್ಚಿ ಕೊಡಿಸಿದ. ಅಷ್ಟರಲ್ಲಿ ಬೆಂಚು ತುಂಬಿತು. ಅಪ್ಪ ಪಕ್ಕದವರೊಡನೆ ಎಲೆಯ ಮಾತಿಗೆ ಬಿದ್ದಿದ್ದ. ನನ್ನ ಕಡೆ ನೋಡದೆಯೇ, "ಅಕ್ಕನ ಕಡೆ ಹೋಗಿ ಕುಂದ್ರು, ತಮ್ಮಾ" ಎಂದ.

ಪರದೆ ಸರಿಸಿ ಒಳಗೆ ಹೋದೆ. ಅಕ್ಕನ ಎದುರು ಬಸ್ಸಿನಲ್ಲಿ ಬಂದ ಒಬ್ಬ ಹಿರಿಯ ಹೆಂಗಸು ಬಸಿಯಲ್ಲಿ ಚಹಾ ಸುರುವಿಕೊಂಡು ಊದುತ್ತಿದ್ದಳು. ನನ್ನನ್ನು ಕಂಡವಳೇ, "ಏನಪಾ ಗೌಡಾ, ಹೆಣ್ಮಕ್ಕಳ ನಡುವ ನಿನಗೇನ್ ಕೆಲಸ? ಮೀಸಿ ಬರಾಕತ್ತಾವು ನೋಡು!" ಎಂದಳು. ಅಲ್ಲಿದ್ದವರೆಲ್ಲ ನಕ್ಕರು. ಅವರು ನಕ್ಕದ್ದು ಹೋಗಲಿ, ಅಕ್ಕನೂ ನಕ್ಕಳು. ನಕ್ಕು, "ಹೋಗೋ ತಮ್ಮಾ, ಅಪ್ಪನ ಕಡೆ ಕುಂದ್ರು ಹೋಗು" ಎಂದಳು.

ನಾನು ಅಪ್ಪನ ಕಡೆಗೂ ಹೋಗಲಿಲ್ಲ. ಹಿಂದಿನ ಬಾಗಿಲಿನಿಂದ ಹಿತ್ತಲಿಗೆ ಹೋದೆ.

ಹಿತ್ತಲಿನಾಚೆ ಊರ ಹಳೆಯ ಕೋಟೆಯ ಕಡೆಗೆ ಮುಳ್ಳುಕಂಟಿ ಹಬ್ಬಿತ್ತು. ಒಂದು ಹುಣಸೆ ಮರ, ಅದರ ಬುಡದಲ್ಲಿ ಹೋಟೆಲಿನವರು ಚೆಲ್ಲಿದ ಅನ್ನ. ಅದನ್ನು ತಿನ್ನಲು ನವಿಲು ಬಂದಿದ್ದವು. ನಾನು ಅದುವರೆಗೆ ನವಿಲನ್ನು ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಇವುಗಳ ಗರಿಯೆಲ್ಲ ಉದುರಿ ಬಾಲ ಮೊಂಡಾಗಿತ್ತು. ಕೊರಳೊಂದು ನೀಲಿ ಇರದಿದ್ದರೆ ದೊಡ್ಡ ಕೋಳಿ ಎಂದೇ ತಿಳಿಯುತ್ತಿದ್ದೆ. ಅವುಗಳ ನಡುವೆ ಗುಬ್ಬಿಗಳು, ಒಂದು ಅಳಿಲು. ಯಾರೂ ಯಾರನ್ನೂ ಓಡಿಸುತ್ತಿರಲಿಲ್ಲ. ನಾನು ಕಲ್ಲಿನ ಮೇಲೆ ಕುಳಿತು ಮಿರ್ಚಿ ಕಚ್ಚಿದೆ. ಖಾರಕ್ಕೋ ಮತ್ತೊಂದಕ್ಕೋ ಕಣ್ಣಲ್ಲಿ ನೀರು ಬಂತು.

ಆಗ ಬಸ್ಸಿನ ಹಾರ್ನ್ ಆಯಿತು. ಮೊಮ್ಮಕ್ಕಳೇ, ಅದು ನನಗೆ ಚೆನ್ನಾಗಿ ಕೇಳಿಸಿತು. ಎದ್ದು ಹತ್ತು ಹೆಜ್ಜೆ ಓಡಿದ್ದರೆ ಬಸ್ಸು ಸಿಗುತ್ತಿತ್ತು. ಆದರೆ ನಾನು ಏಳಲಿಲ್ಲ. ಅತ್ತು ಕರೆದು ಔತಣ ಹೇಳಿಸಿಕೊಳ್ಳುವುದು ಬೇಡ, ಅವರೇ ಕರೆಯಲಿ ಎಂದುಕೊಂಡೆ. ಮೊದಲು ಕೂಗುವವರು ಅಪ್ಪನೋ ಅಕ್ಕನೋ ನೋಡಬೇಕಿತ್ತು. ಯಾರು ಕೂಗಿದರೂ ಒಂದು ಸಲಕ್ಕೆ ಓ ಎನ್ನಬಾರದು, ಮೂರು ಸಲವಾದರೂ ಕೂಗಿಸಬೇಕು ಎಂದು ಮನಸ್ಸಿನಲ್ಲೇ ಠರಾವು ಮಾಡಿದೆ.

ಕಂಡಕ್ಟರ್ ಕೇಳಿದ್ದು ಕೇಳಿಸಿತು: "ಎಲ್ಲಾರೂ ಹತ್ತಿದ್ರೇನ್ರೀ?"

ಅದಕ್ಕೆ ಉತ್ತರ ಕೊಟ್ಟದ್ದು ಅಪ್ಪನ ದನಿ. "ಹೂನ್ರಿ, ನಮ್ಮವ್ರೆಲ್ಲಾ ಹತ್ಯಾರ. ನಡೀರಿ."

ಬಸ್ಸು ಹೋಯಿತು. ನವಿಲುಗಳು ತಲೆ ಎತ್ತಿ ನೋಡಿ ಮತ್ತೆ ಅನ್ನಕ್ಕೆ ಬಾಗಿದವು. ನಾನು ಕುಳಿತೇ ಇದ್ದೆ. ನಮ್ಮವರೆಲ್ಲ ಎಂದನಲ್ಲ ಅಪ್ಪ, ಆ ಎಲ್ಲರಲ್ಲಿ ನಾನಿರಲಿಲ್ಲ. ಅವ್ವ ಇದ್ದಾಗ ಬಸ್ಸಿಗೆ ಮೊದಲು ನನ್ನನ್ನು ಎತ್ತಿ ಹಾಕಿ ಆಮೇಲೆ ತಾನು ಹತ್ತುತ್ತಿದ್ದಳು. ಅವಳು ಸತ್ತ ದಿನ ಕೂಡ ನಾನು ಅಷ್ಟು ಒಂಟಿ ಆಗಿರಲಿಲ್ಲ. ಆ ದಿನ ಮನೆ ತುಂಬ ಜನ ಇದ್ದರು.

ಒಳಗೆ ಬಂದು ನೋಡಿದರೆ ಹೋಟೆಲು ಬೇರೆಯೇ ಆಗಿತ್ತು. ಖಾಲಿ ಬೆಂಚು, ಎಂಜಲು ಕಪ್ಪುಬಸಿ, ಮೇಜಿನ ಮೇಲೆ ಚೆಲ್ಲಿದ ಮಂಡಕ್ಕಿಗೆ ಇಳಿದ ಗುಬ್ಬಿಗಳು. ಎಣ್ಣೆ ಸದ್ದು ಮಾಡುವುದನ್ನು ನಿಲ್ಲಿಸಿತ್ತು. ಮಾಲಕರು ನನ್ನನ್ನು ಕಂಡು ಹೌಹಾರಿದರು.

"ಯಾರ ಕೂಡ ಬಂದೀಯೋ ತಮ್ಮಾ? ಗಂಡಸರ ಕಡೆಯವನೋ, ಹೆಣ್ಮಕ್ಕಳ ಕಡೆಯವನೋ?"

ನಾನು ಪರದೆಯ ಕಡೆ ನೋಡಿದೆ, ಗಂಡಸರ ಬೆಂಚಿನ ಕಡೆ ನೋಡಿದೆ. ಅವರು ರಸ್ತೆಗೆ ಓಡಿ ನೋಡಿದರು. ದೂಳು ಕೂಡ ಇಳಿದು ಹೋಗಿತ್ತು. ವಾಪಸು ಬಂದು ನನ್ನನ್ನು ಬೆಂಚಿನ ಮೇಲೆ ಕೂಡಿಸಿ, "ಅಂಜಬ್ಯಾಡ. ಬಂದೇ ಬರ್ತಾರ. ಹಡದ ಮಕ್ಕಳನ್ನ ಯಾರರ ಮರೀತಾರೇನು?" ಎಂದರು.

"ಮರತಾರಲ್ರಿ!" ಎಂದು ಒದರಿದೆ. ಅಲ್ಲಿಯವರೆಗೆ ಹಿಡಿದಿಟ್ಟ ಅಳು ಆಗ ಹೊರಬಿತ್ತು.

ಅವರು ಒಂದು ತಟ್ಟೆಯಲ್ಲಿ ಬಿಸಿ ಶಿರಾ ತಂದಿಟ್ಟು, ಬಾಣಲೆಯ ಕಡೆ ಹೋಗಿ ಬೆನ್ನು ಮಾಡಿ ಕುಳಿತರು. ತುಪ್ಪದ ವಾಸನೆ ಬರುತ್ತಿತ್ತು. ತಿನ್ನಬಾರದು ಎಂದುಕೊಂಡೆ, ತಿಂದೆ. ತಿನ್ನುತ್ತ ಯೋಚಿಸಿದೆ: ಮೊದಲು ಅವರಿಬ್ಬರೂ ಅಳಲಿ ಅನ್ನಿಸಿತು. ಆಮೇಲೆ, ಸವಣೂರಿನಲ್ಲಿ ಎಲೆ ಹೇಳಿ, ಮದುವೆ ಮುಗಿಸಿ, ಆಮೇಲೆ ನನ್ನ ನೆನಪಾದರೆ ಎಂದು ಹೆದರಿಕೆ ಬಂತು. ಕೊನೆಗೆ ಸಿಟ್ಟು, ಹೆದರಿಕೆ ಎರಡೂ ಮುಗಿದವು. ಬಿಸಿಲು ಬಾಗಿಲಿನಿಂದ ಬೆಂಚಿನ ಕಾಲಿಗೆ ಬಂತು. ಮಧ್ಯಾಹ್ನದ ಜೋಳದ ರೊಟ್ಟಿ ಬಡಿಯುವ ಸದ್ದು ಹಿಂದಿನಿಂದ ಶುರುವಾಯಿತು. ಊಟಕ್ಕೆ ಬಂದವರೆಲ್ಲ ಯಾರದೋ ಜೊತೆಯಲ್ಲಿ ಬಂದಿದ್ದರು.

ನಾನು ರಸ್ತೆಯನ್ನೇ ನೋಡುತ್ತಿದ್ದೆ, ಬಸ್ಸಿಗಾಗಿ. ಬಂದದ್ದು ಸೈಕಲ್ಲು. ಅಪ್ಪ ಎದ್ದು ನಿಂತು ತುಳಿಯುತ್ತಿದ್ದ. ಅಂಗಿ ಬೆವರಿಗೆ ಮೈಗೆ ಅಂಟಿತ್ತು. ಹಿಂದಿನ ಕ್ಯಾರಿಯರಿನ ಮೇಲೆ ಅಕ್ಕ! ಮದುವೆ ಗೊತ್ತಾದ ಹುಡುಗಿ, ಮೈ ತುಂಬ ಕೆಂಪು ದೂಳು, ಬಿಚ್ಚಿದ ಹೆರಳು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಸವಣೂರಿನಲ್ಲಿ ಇಳಿದಾಗಲೇ ಅವರಿಗೆ ಗೊತ್ತಾದದ್ದು. "ತಮ್ಮ ಎಲ್ಲಿ?" ಎಂದು ಅಪ್ಪ ಅಕ್ಕನನ್ನು ಕೇಳಿದನಂತೆ, ಅದೇ ಹೊತ್ತಿಗೆ ಅಕ್ಕ ಅಪ್ಪನನ್ನು ಕೇಳಿದಳಂತೆ. ತಿರುಗಿ ಬರುವ ಬಸ್ಸು ಸಂಜೆಗೆ. ಅಪ್ಪ ಎಲೆತೋಟದವರ ಸೈಕಲ್ಲು ಕೇಳಿ ಇಸಿದುಕೊಂಡ. ನೀನು ಇಲ್ಲೇ ಇರು ಎಂದರೆ ಅಕ್ಕ ಕೇಳಲಿಲ್ಲ.

ಅಕ್ಕ ಬಂದವಳೇ ನನ್ನ ಬೆನ್ನಿಗೆ ಒಂದು ಗುದ್ದಿದಳು, ಆಮೇಲೆ ಅಪ್ಪಿಕೊಂಡು ಅತ್ತಳು. ಅಪ್ಪ ಸೈಕಲ್ಲು ಹಿಡಿದುಕೊಂಡೇ ನಿಂತಿದ್ದ.

"ತಪ್ಪು ನಂದವಾ," ಎಂದ ಅಕ್ಕನಿಗೆ. "ನಾ ನೋಡದನ ಹತ್ಯಾರ ಅಂದೆ."

"ಇಲ್ಲಪಾ, ನಂದು. ನಾನ ಅವನ್ನ ಹೊರಗ ಕಳಿಸಿದೆ."

ಮಾಲಕರು ನನ್ನ ಕಡೆ ನೋಡಿದರು. "ಹಾರ್ನ್ ಕೇಳಿಸಲಿಲ್ಲೇನೋ ನಿನಗ?"

"ಇಲ್ರಿ," ಎಂದೆ.

ಮೂವರೂ ಗಂಡಸರ ಬೆಂಚಿನ ಮೇಲೆಯೇ ಕುಳಿತು ರೊಟ್ಟಿ, ಬದನೆಕಾಯಿ ಪಲ್ಯ ಉಂಡೆವು. ಯಾರೂ ಅಕ್ಕನನ್ನು ಒಳಗೆ ಹೋಗು ಎನ್ನಲಿಲ್ಲ. ಸೈಕಲ್ಲು ತಿರುಗಿ ಕೊಡಬೇಕಿತ್ತು, ಎಲೆಯೂ ಹೇಳಬೇಕಿತ್ತು. ಹಾಗಾಗಿ ಮೂವರೂ ಅದರ ಮೇಲೆಯೇ ಸವಣೂರಿಗೆ ಹೊರಟೆವು. ಅಕ್ಕ ಹಿಂದೆ, ನಾನು ಮುಂದಿನ ಅಡ್ಡಪೈಪಿನ ಮೇಲೆ, ಅಪ್ಪನ ಎರಡು ತೋಳುಗಳ ನಡುವೆ. ರಸ್ತೆಯುದ್ದಕ್ಕೂ ಹೊಂಗೆಯ ನೆರಳು. ಅಪ್ಪನ ಗದ್ದ ನನ್ನ ತಲೆಗೆ ತಾಗುತ್ತಿತ್ತು. ಆದರೂ ನಾನು ಇದ್ದೇನೋ ಇಲ್ಲವೋ ಎಂದು ಸ್ವಲ್ಪ ದೂರಕ್ಕೊಮ್ಮೆ ಕೇಳುತ್ತಿದ್ದ: "ತಮ್ಮಾ, ಅದೀ ಏನು?"

"ಅದೇನಿ, ಅಪ್ಪಾ," ಎನ್ನುತ್ತಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಸುಖವನ್ನು ಅಷ್ಟು ದೊಡ್ಡ ಸುಳ್ಳಿನ ಮೇಲೆ ಕುಳಿತು ಉಂಡದ್ದು ಅದೊಂದೇ ಸಲ.

ಅಕ್ಕನ ಮದುವೆಯಾಯಿತು. ಅವಳು ಹಿರೇಕೆರೂರಿಗೆ ಹೋದಳು. ಮನೆಯಲ್ಲಿ ಅಪ್ಪ ಮತ್ತು ನಾನು, ಇಬ್ಬರೇ. ನನ್ನ ಮೀಸೆ ನಿಜವಾಗಿಯೂ ಬಂದ ಮೇಲೂ ಅಪ್ಪ ಬಸ್ಸಿಗೆ ನನ್ನನ್ನು ಮೊದಲು ಹತ್ತಿಸಿ ಆಮೇಲೆ ತಾನು ಹತ್ತುತ್ತಿದ್ದ. ಮನೆಗೆ ಬಂದವರ ಮುಂದೆಲ್ಲ, "ಮಗನ್ನ ಬಿಟ್ಟು ನಡೀರಿ ಅಂದ ಹುಚ್ಚಪ್ಪ ನಾನು" ಎಂದು ನಗುತ್ತಿದ್ದ. ನಗುವಾಗ ಕಣ್ಣು ಕೆಳಗೆ ಹಾಕುತ್ತಿದ್ದ. ಆಗಲೇ ಹೇಳಬೇಕಿತ್ತು. ಇವತ್ತು ನಾಳೆ ಎನ್ನುತ್ತ ಇದ್ದೆ. ಅಪ್ಪ ಹೊರಟೇ ಹೋದ. ಅಕ್ಕ ಇದ್ದಾಳೆ. ನೀವು ಇದನ್ನು ಓದುವ ಮೊದಲು ಅವಳಿಗೆ ಓದಿ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ.

ಈಗ ನಿಮ್ಮ ಕಾಲ. ಹೋಟೆಲಿಗೆ ಹೋದರೆ ಎಲ್ಲರೂ ಒಂದೇ ಮೇಜಿಗೆ ಕೂಡುತ್ತೀರಿ, ಹೆಂಗಸರ ಕಡೆ ಗಂಡಸರ ಕಡೆ ಎಂಬುದಿಲ್ಲ. ಒಬ್ಬರು ಕೈತೊಳೆಯಲು ಎದ್ದು ತಡ ಮಾಡಿದರೆ ಇನ್ನೊಬ್ಬರ ಫೋನು ಹೊಡೆದುಕೊಳ್ಳುತ್ತದೆ. ನಿಮ್ಮಲ್ಲಿ ಯಾರೂ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ ಎಂದು ನಾನು ತಿಳಿದಿದ್ದೆ. ಹೋದ ತಿಂಗಳು ಶಿಗ್ಗಾಂವಿಯ ಹೈವೇ ಹೋಟೆಲಿನಲ್ಲಿ ಎಲ್ಲರೂ ತಂತಮ್ಮ ಫೋನು ನೋಡುತ್ತಿದ್ದಾಗ ನಿಮ್ಮಲ್ಲಿ ಒಬ್ಬಳು ಎದ್ದು ಹೋಗಿ ಕಾರಿನ ಹಿಂದೆ ಕುಳಿತಿದ್ದಳು. ಸಿಕ್ಕಾಗ ಎಲ್ಲರೂ ಬೈದರು. ನಾನು ಬೈಯಲಿಲ್ಲ. ಯಾಕೆ ಕುಳಿತಿದ್ದಳು ಎಂದು ಕೇಳಲೂ ಇಲ್ಲ. ನನಗೆ ಗೊತ್ತಿತ್ತು.

ಮಕ್ಕಳೇ, ನಿಮಗೂ ಹಾಗೆ ಅನ್ನಿಸುವ ದಿನ ಬರುತ್ತದೆ. ಬಂದರೆ ಅಡಗಿ ಕುಳಿತು ಪರೀಕ್ಷೆ ಮಾಡಬೇಡಿ. ಅದರಲ್ಲಿ ಪಾಸಾದವರಿಗೂ ನೋವು, ಮಾಡಿದವರಿಗೂ ನೋವು. ನೆಟ್ಟಗೆ ನನ್ನ ಹತ್ತಿರ ಬಂದು, "ಅಜ್ಜಾ, ನನ್ನನ್ನ ಹುಡುಕು" ಎನ್ನಿ. ನೀವು ನನ್ನ ಎದುರಿಗೇ ಕುಳಿತಿದ್ದರೂ ಸರಿ, ನಾನು ಚಪ್ಪಲಿ ಮೆಟ್ಟಿಕೊಂಡು ಹುಡುಕಲು ಹೊರಡುತ್ತೇನೆ.