ಖಾಂತಮಣಿಯ ಧೇಂಕಿ

ಕಾಂಥಿ ಪಟ್ಟಣದ ಕಡೆಯ ಕಾಜಲಡಿಹಿ ಊರಿನ ಖಾಂತಮಣಿ ಜಾನಾ ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡವಳು. ಮೈದುನರು ಹೊಲವನ್ನೆಲ್ಲ ನುಂಗಿ, ಕಾಲಿನಿಂದ ತುಳಿದು ಭತ್ತ ಕುಟ್ಟುವ ಮರದ ಧೇಂಕಿಯೊಂದನ್ನು ಅವಳ ಪಾಲಿಗೆ ಬಿಟ್ಟಿದ್ದರು. ಅದನ್ನೇ ತುಳಿದು ಊರಿಗೆಲ್ಲ ಅಕ್ಕಿ, ಅವಲಕ್ಕಿ ಮಾಡಿಕೊಟ್ಟು ಅವಳು ತಲೆ ನರೆಯುವವರೆಗೂ ಬದುಕಿದಳು. ಯಾರ ಮುಂದೆಯೂ ಕೈಯೊಡ್ಡಲಿಲ್ಲ.

ಬ್ರಿಟಿಷ್ ಸರ್ಕಾರ ಹಳ್ಳಿಗಳ ಮೇಲೆ ಯೂನಿಯನ್ ಬೋರ್ಡ್ ಎಂಬ ಹೊಸ ಆಡಳಿತ ಮಂಡಳಿ ಹೇರಿ, ಊರ ಕಾವಲುಗಾರರ ಹೆಸರಿನ ಚೌಕಿದಾರಿ ತೆರಿಗೆ ಏರಿಸಿದಾಗ, ಊರಿಗೆ ಊರೇ ಕೊಡುವುದಿಲ್ಲ ಎಂದಿತು.

"ನನ್ನ ಮನೇಲಿ ಕದಿಯೋಕೆ ಇಲಿಗೂ ಏನೂ ಸಿಗಲ್ಲ. ಇದಕ್ಕೆ ಕಾವಲು ಬೇರೆ, ಅದಕ್ಕೆ ತೆರಿಗೆ ಬೇರೆ!" ಎಂದಳು ಖಾಂತಮಣಿ.

ಜಪ್ತಿಗೆ ಪೊಲೀಸ್ ಠಾಣೆಯ ಅಧಿಕಾರಿ ದಾರೋಗನೇ ಪೇದೆಗಳೊಂದಿಗೆ ಬಂದ. ಹಿತ್ತಾಳೆ ಬಿಂದಿಗೆ ಹೊರಬಿತ್ತು, ಅನ್ನದ ತಟ್ಟೆ ಹೊರಬಿತ್ತು. ಪೇದೆಗಳು ಧೇಂಕಿಯನ್ನು ಗೂಟದಿಂದ ಕೀಳತೊಡಗಿದಾಗ ಮಾತ್ರ ಅವಳು ಅಡ್ಡ ನಿಂತಳು.

"ಅದನ್ನ ಮುಟ್ಟಬೇಡಿ. ಅದು ನನ್ನ ಅನ್ನ."

"ಅನ್ನ ಬೇಕಿದ್ರೆ ತೆರಿಗೆ ಕಟ್ಟು, ಮುದುಕಿ," ಎಂದು ದಾರೋಗ ಅವಳನ್ನು ಪಕ್ಕಕ್ಕೆ ತಳ್ಳಿದ.

ಸಾಮಾನು ಹೊರಲೆಂದು ಊರಿನ ಎತ್ತಿನ ಗಾಡಿಯ ಗೋಷ್ಠ ಮೈತಿಯನ್ನು ಹಿಡಿದು ತಂದಿದ್ದರು. ಅಂಗಳದಲ್ಲಿ ಬಿದ್ದಿದ್ದ ಧೇಂಕಿಯನ್ನು ನೋಡಿದ್ದೇ ಅವನು ಎತ್ತುಗಳನ್ನು ನೊಗದಿಂದ ಬಿಚ್ಚಿದ.

"ಎತ್ತಿಗೆ ಕಾಲು ನೋವು, ಸಾಹೇಬ್ರೇ."

"ಎರಡಕ್ಕೂನಾ?"

"ಒಂದೇ ಕೊಟ್ಟಿಗೇಲಿ ಮಲಗ್ತಾವಲ್ಲ, ಅಂಟಿಕೊಂಡಿದೆ."

ನೆರೆದವರು ಗೊಳ್ಳೆಂದರು. ದಾರೋಗನ ಬೆತ್ತ ಗೋಷ್ಠನ ಬೆನ್ನಿನ ಮೇಲೆ ಬಿತ್ತು, ಚರ್ಮ ಸುಲಿಯುವಷ್ಟು ಬಿತ್ತು. ಅವನು ಗಾಡಿಯ ಮೂಕಿ ಮುಟ್ಟಲಿಲ್ಲ.

ಖಾಂತಮಣಿಯ ಮೈಯೆಲ್ಲ ಉರಿದುಹೋಯಿತು. "ಹೊಡಿ! ಇನ್ನೂ ಹೊಡಿ!" ಎಂದು ಕೂಗಿದಳು. "ನಮ್ಮ ಅಕ್ಕಿ ತಿಂದೇ ಅಲ್ವೇನೋ ಆ ಕೈಗೆ ಇಷ್ಟು ಬಲ ಬಂದಿರೋದು?"

ಬೇರೆ ಗಾಡಿ ಸಿಗಲಿಲ್ಲ. ಕೂಲಿಗೂ ಯಾರೂ ಬರಲಿಲ್ಲ. ಕಡೆಗೆ ಪೇದೆಗಳೇ ಧೇಂಕಿಗೆ ಹೆಗಲು ಕೊಟ್ಟರು. ಆಗ ಓಣಿಯ ಹೆಂಗಸರು ಶಂಖ ಊದಿ, ಮದುವೆ ದಿಬ್ಬಣಕ್ಕೆ ಮಾಡುವ ಹಾಗೆ ಉಲೂ ಉಲೂ ಎಂದು ನಾಲಿಗೆ ಹೊರಳಿಸಿದರು.

"ಮೆಲ್ಲಗೆ ಹೋಗ್ರಪ್ಪಾ, ಮದುಮಗಳಿಗೆ ನೋವಾದೀತು!"

ಠಾಣೆಯ ಅಂಗಳದಲ್ಲಿ ಡೋಲು ಬಡಿಸಿ ಹರಾಜು ಕೂಗಿದರು. ಕೊಳ್ಳಲು ಒಂದು ನರಪಿಳ್ಳೆಯೂ ಬರಲಿಲ್ಲ. ಧೇಂಕಿ ಮಳೆಯಲ್ಲಿ ನೆನೆಯಿತು, ಗೆದ್ದಲು ಹಿಡಿಯಿತು. ಖಾಂತಮಣಿ ಕಂಡವರ ಮನೆಯ ಧೇಂಕಿ ತುಳಿದು ಹೊಟ್ಟೆ ಹೊರೆದಳು. ಕೆಲವು ದಿನ ಬರೀ ಗಂಜಿ, ಕೆಲವು ದಿನ ಅದೂ ಇಲ್ಲ.

ಯಾರೂ ತೆರಿಗೆ ಕಟ್ಟದೆ, ಕೊನೆಗೆ ಸರ್ಕಾರವೇ ಸೋತು ಬೋರ್ಡುಗಳನ್ನು ಹಿಂತೆಗೆಯಿತು. ಪೇದೆಯೊಬ್ಬ ಬಂದು, "ಅಜ್ಜೀ, ನಿನ್ನ ಸಾಮಾನು ಬಂದು ತಗೊಂಡು ಹೋಗ್ಬೇಕಂತೆ," ಎಂದ.

"ನಾನೇನು ತಂದು ಇಟ್ಟಿದ್ನೇನೋ ಅಲ್ಲಿ? ಹೊತ್ತುಕೊಂಡು ಹೋದವರೇ ಹೊತ್ತು ತರಲಿ. ಗೋಷ್ಠನ ಬೆನ್ನಿನ ಚರ್ಮಾನೂ ತರಲಿ."

ಯಾರೂ ತರಲಿಲ್ಲ, ಅವಳೂ ಹೋಗಲಿಲ್ಲ. ಊರವರು ಹುಣಸೆ ಮರ ಕಡಿದು ಹೊಸ ಧೇಂಕಿ ಮಾಡಿಕೊಟ್ಟರು. ಮೊದಲ ದಿನ ಕುಟ್ಟಿದ ಅವಲಕ್ಕಿಯನ್ನು ಅವಳು ಗೋಷ್ಠನ ಮನೆಗೆ ಕಳಿಸಿದಳು. ಸಿಟ್ಟು ಮಾತ್ರ ಇಳಿಯಲಿಲ್ಲ. ಸಾಯುವವರೆಗೂ ಪೊಲೀಸರ ಕೆಂಪು ರುಮಾಲು ದಾರಿಯಲ್ಲಿ ಕಂಡರೆ ನಿಂತು ಉಗಿದೇ ಮುಂದೆ ಹೋಗುತ್ತಿದ್ದಳು.