ದಸ್ತಗೀರ್ ಸಾಬರ ಬಿಸಿ ಕೋಟು

ದಸ್ತಗೀರ್ ಸಾಬರು ಹೊಲಿದ ಬಿಸಿ ಕೋಟಿನಲ್ಲಿ ಯಾವ ದೋಷವೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರ ಅಂಗಡಿಯ ಮುಂದೆ, ಗಿರಾಕಿಗಳ ಎದುರಿಗೆ ನಿಂತು, ಅದರ ತಂತಿ ಕೆಟ್ಟು ನನ್ನ ಗಂಡನ ಬೆನ್ನು ಸುಟ್ಟಿತು ಎಂದು ಹೇಳಿದೆ. ನಾನು ನರ್ಸು. ಡ್ಯೂಟಿಗೆ ಹೊರಟವಳು, ಬಿಳಿ ಸೀರೆಯಲ್ಲೇ ಇದ್ದೆ. ನನ್ನ ಮಾತನ್ನು ಯಾರೂ ಅನುಮಾನಿಸಲಿಲ್ಲ — ಅವರೂ ಅನುಮಾನಿಸಲಿಲ್ಲ.

ಆಸ್ಪತ್ರೆಯಲ್ಲಿ ನಮಗೆ ಕಲಿಸಿದ ಮೊದಲ ಶಿಸ್ತು, ಆದದ್ದನ್ನು ಆದ ಕ್ರಮದಲ್ಲಿ ಹೇಳಬೇಕು ಎನ್ನುವುದು. ಹಾಗೆಯೇ ಹೇಳಲು ಪ್ರಯತ್ನಿಸುತ್ತೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾವು ದಾವಣಗೆರೆಯಲ್ಲಿದ್ದೆವು. ನಮ್ಮ ಮನೆಯವರು ಹರಿಹರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಮೊದಲ ಪಾಳಿಯೆಂದರೆ ಬೆಳಕು ಹರಿಯುವ ಮೊದಲೇ ಮೋಟಾರ್ ಸೈಕಲ್ ಹತ್ತಬೇಕು. ಚಳಿಗಾಲದಲ್ಲಿ ಆ ರಸ್ತೆ ಹೇಗಿರುತ್ತಿತ್ತೆಂದು ಅದರಲ್ಲಿ ಗಾಡಿ ಓಡಿಸಿದವರಿಗೇ ಗೊತ್ತು. ಎರಡೂ ಕಡೆ ನಾಲೆ ನೀರಿನ ಗದ್ದೆಗಳು, ಅವುಗಳ ಮೇಲಿಂದ ಎದ್ದ ಮಂಜು ರಸ್ತೆಯ ಮೇಲೆಯೇ ಕೂತಿರುತ್ತಿತ್ತು. ಇವರು ಅಂಗಿಯೊಳಗೆ ಹಳೆಯ ಪೇಪರ್ ಮಡಿಸಿ ಇಟ್ಟುಕೊಳ್ಳುತ್ತಿದ್ದರು. ಅದರ ಮೇಲೆ ಎರಡು ಸ್ವೆಟರ್, ತಲೆಗೆ ಮಂಕಿ ಕ್ಯಾಪ್, ಕುತ್ತಿಗೆಗೆ ನನ್ನ ಹಳೇ ಶಾಲು. ಗೇಟಿನಲ್ಲಿ ಇವರನ್ನು ಕಂಡರೆ ಜೊತೆಯವರು, ಹತ್ತಿ ಮೂಟೆ ಬಂತು ದಾರಿ ಬಿಡ್ರಪ್ಪ ಎಂದು ನಗುತ್ತಿದ್ದರಂತೆ. ಇಷ್ಟಾದರೂ ಪ್ರತಿ ವರ್ಷ ಎದೆ ಕಟ್ಟಿ ಕೆಮ್ಮು ಬರುವುದು ತಪ್ಪುತ್ತಿರಲಿಲ್ಲ.

ಮಂಡಿಪೇಟೆಯಲ್ಲಿ ದಸ್ತಗೀರ್ ಸಾಬರ ಗಾದಿ ಅಂಗಡಿ ಇತ್ತು. ಹತ್ತಿ ಹಿಂಜಿ ಗಾದಿ, ರಜಾಯಿ ಹೊಲಿಯುವುದು ಅವರ ಮನೆತನದ ಕಸುಬು. ಪಕ್ಕದ ಮಳಿಗೆಯಲ್ಲಿ ಅವರ ತಮ್ಮ ಮೋಟಾರು ವೈಂಡಿಂಗ್ ಮಾಡುತ್ತಿದ್ದ. ಅಣ್ಣ-ತಮ್ಮ ಸೇರಿ ಒಂದು ಹೊಸ ವಸ್ತು ಮಾಡಿದ್ದರು. ರಜಾಯಿಯ ಹಾಗೆ ಹತ್ತಿ ತುಂಬಿ ಹೊಲಿದ ತೋಳಿಲ್ಲದ ಕೋಟು. ಹತ್ತಿಯ ನಡುವೆ ಹಾವಿನಂತೆ ಹರಿದ ಸಣ್ಣ ತಂತಿ. ಅದರ ತುದಿ ಗಾಡಿಯ ಬ್ಯಾಟರಿಗೆ, ಕೈಗೆ ಸಿಗುವಲ್ಲಿ ಒಂದು ಸ್ವಿಚ್ಚು. ಹರಿಹರಕ್ಕೆ ಹೋಗುವ ಗಾಡಿಯವರಲ್ಲಿ ಸುದ್ದಿ ಹಬ್ಬಿತು. ಆ ಚಳಿಗಾಲ ಅವರ ಅಂಗಡಿಯಲ್ಲಿ ಗಾದಿಗಿಂತ ಕೋಟಿನ ಕೆಲಸವೇ ಹೆಚ್ಚಾಯಿತು. ಇನ್ನು ಮೇಲೆ ಇದನ್ನೇ ಹಿಡಿಯುತ್ತೇನೆಂದು ಮಳಿಗೆ ದೊಡ್ಡದು ಮಾಡುವ ಯೋಚನೆಯಲ್ಲೂ ಇದ್ದರು.

ಆರಿಸಲು ಇವರ ಜೊತೆ ನಾನೇ ಹೋದೆ. ಕೈಗವಸಿಗೂ ತಂತಿ ಹಾಕಿಕೊಡುತ್ತಿದ್ದರು, ಮೊಣಕಾಲಿನ ಪಟ್ಟಿಗೂ. ಆದರೆ ಹೆಡ್‌ಲೈಟ್ ಉರಿಯುತ್ತಿರುವಾಗ ಬ್ಯಾಟರಿ ತಡೆಯುವುದು ಒಂದನ್ನೇ. ಇವರಿಗೆ ಕೈಗವಸು ಬೇಕಿತ್ತು. ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗುವುದಿಲ್ಲ ಎಂದರು. ನಾನು ಕೇಳಲಿಲ್ಲ. ಕೆಮ್ಮುವುದು ಬೆರಳಲ್ಲ, ಎದೆಗೂಡು, ಕೋಟೇ ಇರಲಿ ಎಂದೆ. ತಂತಿ ಎದೆಯ ಕಡೆಗೋ ಬೆನ್ನಿನ ಕಡೆಗೋ ಎಂದು ಸಾಬರು ಕೇಳಿದಾಗಲೂ ಉತ್ತರ ಕೊಟ್ಟವಳು ನಾನು. ಎದೆಗೆ ಪೇಪರ್ ಇದ್ದೇ ಇದೆ, ಬೆನ್ನಿಗೆ ಹಾಕಿ ಎಂದೆ.

ಸಾಬರು ಅಳತೆ ತೆಗೆಯುತ್ತಾ, "ಸಾಹೇಬ್ರು ಮನಿಗೆ ಬಂದಮ್ಯಾಲೂ ಇದನ್ನ ಬಿಚ್ಚದಿದ್ರೆ ನನ್ನ ಬೈಬ್ಯಾಡ್ರಿ ಸಿಸ್ಟರಮ್ಮ" ಎಂದು ನಗಿಸಿದರು. ಕೋಟು ಕೊಡುವ ದಿನ ಮಾತ್ರ ನಗಲಿಲ್ಲ. ಬಿಸಿ ಎಷ್ಟಿದೆ ಎಂದು ತೋರಿಸುವ ಮೀಟರು ಏನೂ ಇದರಲ್ಲಿಲ್ಲ ಎಂದು ಇವರನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. "ಚುರುಕ್ ಅಂದ ಕೂಡ್ಲೇ ಸ್ವಿಚ್ ಆರಿಸ್ರಿ. ನಿಮ್ಮ ಮೈಯೇ ನಿಮಗ ಹೇಳ್ತೈತೆ." ಕೋಟು ಕೊಂಡ ಪ್ರತಿಯೊಬ್ಬರಿಗೂ ಅವರು ಇದನ್ನು ಹೇಳುತ್ತಿದ್ದರು. ಇವರು ತಲೆಯಾಡಿಸಿದರು. ನಾನೂ ಒಳ್ಳೆಯ ಮಾತೆಂದು ತಲೆಯಾಡಿಸಿದೆ.

ಕೆಲವು ದಿನ ಎಲ್ಲ ಸರಿಯಿತ್ತು. ಕೆಮ್ಮು ಬರಲಿಲ್ಲ. ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದು ಕೋಟು ಬಿಚ್ಚಿ, ಅಂಗಿ ಬಿಚ್ಚಿ ಇವರು ಊಟಕ್ಕೆ ಕೂತರು. ಬಡಿಸಲು ಹಿಂದಿನಿಂದ ಬಂದೆ. ಬನಿಯನ್ ಬೆನ್ನಿಗೆ ಅಂಟಿತ್ತು. ಎಡ ಭುಜದ ಕೆಳಗೆ ಕಂದು ಕಲೆ, ಒದ್ದೆ.

ಏನಿದು ಎಂದೆ. ಏನು ಎಂದರು.

ಬನಿಯನ್ನಿಗೆ ನೀರು ಹಾಕಿ ಬಿಡಿಸಿದೆ. ಗುಳ್ಳೆ ಎದ್ದು, ಒಡೆದು, ಚರ್ಮ ಸುಲಿದು ಮಾಂಸ ಕಾಣುತ್ತಿತ್ತು. ಊಟದ ಚೀಲದ ಪಟ್ಟಿಯನ್ನು ಇವರು ಕೋಟಿನ ಮೇಲೆ ಅಡ್ಡಡ್ಡ ಹಾಕಿಕೊಳ್ಳುತ್ತಿದ್ದರು. ಪಟ್ಟಿ ಒತ್ತಿದ ಜಾಗದಲ್ಲೇ ತಂತಿ ಮೈಗೆ ಹತ್ತಿಕೊಂಡಿತ್ತು. ಅಷ್ಟು ನನಗೆ ಕೂಡಲೇ ತಿಳಿಯಿತು. ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಗಾಯದ ಸುತ್ತ ಒರೆಸಿದೆ. ಸ್ಪಿರಿಟ್ ಹಸಿ ಮಾಂಸಕ್ಕೆ ಹರಿಯಿತು. ಎಂಥ ಗಟ್ಟಿ ಗಂಡಸಾದರೂ ಹೌಹಾರಬೇಕು. ಇವರು ಕ್ಯಾಂಟೀನಿನ ಉಪ್ಪಿಟ್ಟಿನಲ್ಲಿ ಕಲ್ಲು ಸಿಕ್ಕಿದ ಕಥೆ ಹೇಳುತ್ತಿದ್ದರು. ಹೇಳುತ್ತಲೇ ಇದ್ದರು. ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಲಿಲ್ಲ.

ನನ್ನ ಕೈ ನಿಂತಿತು.

ಗಾಯದ ಅಂಚನ್ನು ನೋಡಿದೆ — ಸುತ್ತಲಿನ ಚರ್ಮಕ್ಕಿಂತ ತುಸು ಬಿಳಿಚಿದ ಒಂದು ಮಚ್ಚೆ, ರೋಮ ಉದುರಿದ, ಒಣಗಿದ ಮಚ್ಚೆ. ಎಷ್ಟು ದಿನದಿಂದ ಇತ್ತೋ. ದಿನಾ ಪರರ ಬೆನ್ನು ಒರೆಸುವ ನಾನು ನನ್ನ ಗಂಡನ ಬೆನ್ನನ್ನು ಯಾವಾಗ ನೋಡಿದ್ದೆನೋ. ಸೂಜಿ ತಂದೆ. ಮಚ್ಚೆಯ ಮೇಲೆ ಚುಚ್ಚಿದೆ. ಅವರು ಸಾರು ಕೇಳಿದರು.

ದೊಡ್ಡ ರೋಗ. ನಮ್ಮ ಕಡೆ ಕುಷ್ಠದ ಹೆಸರನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ಹಾಗೆನ್ನುತ್ತಾರೆ. ಆಸ್ಪತ್ರೆಯಲ್ಲಿ ಅದನ್ನು ಕಂಡಿದ್ದೆ, ಅಂಜಬೇಡಿ, ಮಾತ್ರೆ ಇದೆ ಎಂದು ಬೇರೆಯವರಿಗೆ ಹೇಳಿದ್ದೆ. ಆ ಮಧ್ಯಾಹ್ನ ನಾನು ಅಡುಗೆಮನೆಯ ಗೋಡೆ ಹಿಡಿದು ನಿಂತೆ. ಕಾರ್ಖಾನೆಯಲ್ಲಿ ತಿಳಿದರೆ ಇವರನ್ನು ಒಳಗೆ ಬಿಡುವರೇ? ನಮ್ಮ ನಾದಿನಿಗೆ ಆಗಷ್ಟೇ ನಿಶ್ಚಿತಾರ್ಥವಾಗಿತ್ತು. ನಮ್ಮ ಮನೆಯ ಕೊಡದಲ್ಲಿ ಯಾರು ನೀರು ಕುಡಿಯುವರು? ಇವನ್ನೆಲ್ಲ ನೆಪವೆಂದು ಬರೆಯುತ್ತಿಲ್ಲ. ಆಗ ತಲೆಯಲ್ಲಿ ಓಡಿದ್ದು ಇಷ್ಟೇ — ಸುಳ್ಳಿನ ಯೋಚನೆ ಇನ್ನೂ ಬಂದಿರಲಿಲ್ಲ.

ಸಂಜೆ ಇವರ ಜೊತೆ ಕೆಲಸ ಮಾಡುವ ಬಸವರಾಜ ಬಂದ. ಅಂಗಿಯ ಮೇಲಿನ ಕಲೆಯನ್ನು ಅವನು ಸ್ಟೋರಿನಲ್ಲೇ ಕಂಡಿದ್ದನಂತೆ. ಏನಾತಕ್ಕ ಎಂದು ಕೇಳಿದ. ಕೋಟು ಸುಟ್ಟಿತು ಎಂದೆ. ಅದೇನೋ ನಿಜವೇ. ಆದರೆ ಅವನು ಗಾಬರಿಯಾಗಿ, ನನ್ನ ಹತ್ರಾನೂ ಅದೇ ಕೋಟೈತಲ್ಲ, ನನಗ್ಯಾಕ ಸುಡಲಿಲ್ಲ ಎಂದ. ಇವರಿಗೆ ಬಿಸಿ ತಿಳಿಯಲಿಲ್ಲ ಎಂದರೆ ರೋಗ ಬಯಲಾಗುತ್ತಿತ್ತು. ಈ ಪ್ರಶ್ನೆಯನ್ನು ಇವತ್ತು ಇವನು ಕೇಳಿದ, ನಾಳೆ ಕಾರ್ಖಾನೆಯೆಲ್ಲ ಕೇಳುತ್ತದೆ. ಇವರ ಕೋಟಿನ ತಂತಿಯೇ ಕೆಟ್ಟಿತ್ತು ಎಂದುಬಿಟ್ಟೆ. ಸುಳ್ಳು ಅಲ್ಲಿ ಹುಟ್ಟಿತು.

ಅವನು ಹೋದ ಮೇಲೆ ಇವರಿಗೆ ಎಲ್ಲ ಹೇಳಿದೆ. ಇವರು ರೋಗದ ಬಗ್ಗೆ ಒಂದೂ ಕೇಳದೆ, "ಸಾಬರ ಹೆಸರು ಯಾಕ ಕೆಡಿಸ್ತಿ?" ಎಂದರು. ನಿಮ್ಮ ಹೆಸರು ಕೆಡಬೇಕೇನು ಎಂದೆ. ನಾನೇ ಹೋಗಿ ಹೇಳಿ ಬರುತ್ತೇನೆ ಎಂದು ಎದ್ದರು. ಬಾಗಿಲಿಗೆ ಅಡ್ಡ ನಿಂತೆ. ಆದ್ದರಿಂದ ಇದರಲ್ಲಿ ಇವರ ಪಾಲಿಲ್ಲ. ಓದುವವರು ಇದನ್ನು ಮರೆಯಬಾರದು.

ಮರುದಿನ ಅಂಗಡಿಗೆ ಹೋಗಿ ಕೋಟನ್ನು ಸಾಬರ ಮುಂದೆ ಹಾಕಿದೆ. ಮಾತು ಜೋರಾಗಿಯೇ ಆಡಿದೆ, ಸುತ್ತಲಿನವರಿಗೆ ಕೇಳಲಿ ಎಂದೇ. ಸಾಬರ ಮುಖ ಬಿಳಚಿಕೊಂಡಿತು. ವಾದ ಮಾಡಲಿಲ್ಲ. ಗಾಯ ಹೆಂಗೈತ್ರಿ ಎಂದು ಮೊದಲು ಕೇಳಿದರು. ಆಮೇಲೆ ಅಂಗಿ ತೆಗೆದು ಬರಿಮೈಗೆ ಆ ಕೋಟನ್ನೇ ತೊಟ್ಟರು. ತಮ್ಮನ ಮಳಿಗೆಯಿಂದ ಬ್ಯಾಟರಿ ತರಿಸಿ ತಂತಿ ಸಿಕ್ಕಿಸಿ ಕೂತರು. ಜನ ಸೇರಿದರು. ಹಣೆಯ ಮೇಲೆ ಬೆವರು ಒಡೆಯಿತು, ಆದರೂ ಕೂತೇ ಇದ್ದರು. ಕೊನೆಗೆ ಚುರುಕ್ ಎಂದಿರಬೇಕು, ಸ್ವಿಚ್ಚು ಆರಿಸಿ ಕೋಟು ಬಿಚ್ಚಿ ಬೆನ್ನು ತೋರಿಸಿದರು. ಕೆಂಪಾಗಿತ್ತು, ಅಷ್ಟೇ.

ಆಗ ತಿರುಗಿ ನನ್ನನ್ನು ಕೇಳಿದರು — ಆರೋಪದ ದನಿಯಲ್ಲಲ್ಲ, ನಿಜವಾಗಿಯೂ ತಿಳಿಯದೆ —

"ಸಿಸ್ಟರಮ್ಮ, ಸುಡಾಕ ಹತ್ತಿದ್ದು ಸಾಹೇಬ್ರಿಗೆ ಗೊತ್ತಾಗಲಿಲ್ಲೇನ್ರಿ?"

ಎಲ್ಲರೂ ನನ್ನ ಮುಖ ನೋಡಿದರು. ಅಲ್ಲಿ ನಿಲ್ಲಿಸಬಹುದಿತ್ತು. ರೋಗದ ಹೆಸರು ಹೇಳದೆಯೂ, ಚೀಲದ ಪಟ್ಟಿ ಒತ್ತಿತ್ತು, ನಮ್ಮದೇ ತಪ್ಪು ಎಂದು ಕೋಟನ್ನು ಎತ್ತಿಕೊಂಡು ಬರಬಹುದಿತ್ತು. ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲವೋ, ಹೊಳೆದರೂ ಬೇಡವೆನಿಸಿತೋ —

"ನಾನು ನರ್ಸು. ಸುಟ್ಟ ಗಾಯ ದಿನಾ ನೋಡ್ತೀನಿ. ನಿಮ್ಮ ತಂತಿ ಒಂದೇ ಸಲಕ್ಕೆ ಕೆಂಡ ಆಗೈತೆ. ಗೊತ್ತಾಗೋಕೆ ಪುರುಸೊತ್ತು ಎಲ್ಲಿತ್ತು? ನಾಳೆ ಯಾರ ಜೀವ ಹೋಗ್ತೈತೋ."

ಸಾಬರು ಕೋಟನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಹೊಲಿಗೆಯ ಮೇಲೆ ಬೆರಳಾಡಿಸಿದರು. ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದರು. ಸಿಗಲಿಲ್ಲ. ಸಿಗದಿದ್ದರೂ ದೊಡ್ಡ ಕತ್ತರಿ ತೆಗೆದು ನನ್ನೆದುರಿಗೇ ಕೋಟನ್ನು ಸೀಳಿದರು. ಆ ಹತ್ತಿ, ಆ ತಂತಿ... ನಾನು ಅಲ್ಲಿಂದ ಸೀದಾ ಡ್ಯೂಟಿಗೆ ಹೋದೆ. ತಡವಾಗಲಿಲ್ಲ.

ಆಮೇಲೆ ಅವರು ಮಾರಿದ ಕೋಟುಗಳನ್ನೆಲ್ಲ ಮನೆಮನೆಗೆ ಹೋಗಿ ಕೇಳಿ ವಾಪಸ್ ತಂದರಂತೆ. ಅಂಗಡಿಗೆ ಜನ ಬರುವುದು ಕಡಿಮೆಯಾಯಿತು. ಸುಡೋ ಸಾಬ್ ಎಂದು ಬಜಾರಿನ ಪೋಲಿಗಳು ಹೆಸರಿಟ್ಟರು. ಒಂದು ದಿನ ಮಳಿಗೆಗೆ ಬೀಗ ಬಿದ್ದಿತ್ತು. ಹರಿಹರಕ್ಕೆ ಹೋದರು ಎಂದು ಯಾರೋ ಹೇಳಿದರು. ಇವರಿಗೆ ನಾನು ಬೇರೆ ಊರಿನ ಆಸ್ಪತ್ರೆಯಿಂದ ಮಾತ್ರೆ ತರುತ್ತಿದ್ದೆ. ಬೇಗ ಸಿಕ್ಕಿದ್ದು ಒಳ್ಳೆಯದಾಯಿತು ಎಂದರು ಅಲ್ಲಿನ ಡಾಕ್ಟರು. ಪೂರ್ತಿ ವಾಸಿಯಾಯಿತು. ಕೈಕಾಲಿಗೆ ಏನೂ ಆಗಲಿಲ್ಲ. ಬೆನ್ನಿಗೆ ತಂತಿ ಹಾಕಿದ ಕೋಟಿಲ್ಲದಿದ್ದರೆ ಆ ಮಚ್ಚೆ ಬೆನ್ನಿನಲ್ಲೇ ಉಳಿದು ಏನೇನು ಮಾಡುತ್ತಿತ್ತೋ. ಇವರನ್ನು ಉಳಿಸಿದ ಆ ಕೋಟಿಗೇ ನಾನು ಸುಡುವ ಕೋಟೆಂಬ ಹೆಸರು ಕಟ್ಟಿದೆ.

ಇನ್ನೂ ಒಂದು ಬಾಕಿ ಇದೆ. ಇದನ್ನು ಬರೆಯಲು ಕೈ ಬರುತ್ತಿಲ್ಲ.

ಎಂಬತ್ತರ ಆರಂಭದಲ್ಲಿ ಲಸಿಕೆಯ ಕೆಲಸಕ್ಕೆಂದು ಹರಿಹರಕ್ಕೆ ಹೋಗಿದ್ದೆ. ಒಂದು ಧಾನ್ಯದ ಮಂಡಿಯ ಮುಂದೆ ಗೋಣಿಚೀಲ ಹೊಲಿಯುತ್ತಿದ್ದ ದಸ್ತಗೀರ್ ಸಾಬರು ನನ್ನನ್ನು ಕಂಡು ಎದ್ದು ನಿಂತರು. ಗಡ್ಡ ನೆರೆತಿತ್ತು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಅವರು ಸಾಹೇಬರ ಬೆನ್ನು ಹೇಗಿದೆ ಎಂದು ಕೇಳಿದರು. ಮಾದಿದೆ ಎಂದೆ. ಅವರಿಗೆ ಕಣ್ಣಲ್ಲಿ ನೀರು ಬಂತು.

"ನನ್ನ ಕೈ ಎಲ್ಲಿ ತಪ್ಪಿತೋ ಇವತ್ತಿಗೂ ತಿಳೀವಲ್ದು ಸಿಸ್ಟರಮ್ಮ. ನೀವು ಪೊಲೀಸಿಗೂ ಹೇಳದಂಗ ಬಿಟ್ರಿ. ಮಾಫ್ ಮಾಡ್ರಿ."

"ಮಾಫ್ ಮಾಡೀನಿ, ಬಿಡ್ರಿ" ಎಂದೆ.

ನಾನು ಅವರನ್ನು ಕ್ಷಮಿಸಿದೆ. ಸುತ್ತ ಯಾರೂ ಇರಲಿಲ್ಲ, ನಾದಿನಿಯ ಮದುವೆಯಾಗಿ ಮಕ್ಕಳಾಗಿದ್ದವು, ಇವರ ರೋಗ ಹೋಗಿತ್ತು, ಅಂಜಲು ಕಾರಣವೇ ಉಳಿದಿರಲಿಲ್ಲ — ಆದರೂ ಕ್ಷಮಿಸಿದೆ. ಅವರು ಸ್ಟೂಲು ಒರೆಸಿ ಕೂರಿಸಿ ಚಹಾ ತರಿಸಿದರು. ಕುಡಿದೆ.

ಇವರು ತೀರಿಕೊಳ್ಳುವ ಮೊದಲು, ನಾನು ಹೋದ ಮೇಲಾದರೂ ಹೇಳು ಎಂದಿದ್ದರು. ಆ ಹೊತ್ತಿಗೆ ಸಾಬರೂ ಹೋಗಿದ್ದರು. ಕಳೆದ ತಿಂಗಳು ಹರಿಹರದಲ್ಲಿ ಅವರ ಮಗಳು ಅಮೀನಾಳ ಮನೆ ಹುಡುಕಿಕೊಂಡು ಹೋದೆ. ಹೆಸರು ಹೇಳಿದ ಕೂಡಲೇ, ಅಬ್ಬಾನ್ನ ಮಾಫ್ ಮಾಡಿದ ಸಿಸ್ಟರಮ್ಮ ನೀವೇನಾ ಎಂದು ಕೈ ಹಿಡಿದು ಒಳಗೆ ಕರೆದಳು. ಒಳಗೆ ಕೂತು ಎಲ್ಲ ಹೇಳಿದೆ. ಅವಳು ಹಿಡಿದಿದ್ದ ಕೈ ಬಿಟ್ಟಳು. ಗೋಡೆ ನೋಡುತ್ತಾ ಹೇಳಿದಳು:

"ನನ್ನ ನಿಕಾಹದ ಬಟ್ಟೀನೂ ಅಬ್ಬಾ ಹೊಲೀಲಿಲ್ರಿ. ಅತ್ತು ಕೇಳಿದ್ದೆ. ಮೈಮ್ಯಾಲೆ ಹಾಕ್ಕೊಳ್ಳೋದು ನಾನು ಹೊಲಿಯೋದು ಬ್ಯಾಡ ಬೇಟಿ ಅಂದ್ರು."

ಹೊರಡುವಾಗ, ನಾನೇನು ಮಾಡಲಿ ಎಂದು ಕೇಳಿದೆ. ನನಗೆ ಹೇಳಿದರೇನು ಬಂತು, ಅಂದದ್ದು ಎಲ್ಲಿ ಅಂದಿರೋ ಅಲ್ಲಿ ಹೇಳಿ ಎಂದಳು. ಬಾಗಿಲವರೆಗೂ ಬರಲಿಲ್ಲ.

ಮಂಡಿಪೇಟೆಯಲ್ಲಿ ಆ ಮಳಿಗೆ ಈಗ ಪಾತ್ರೆ ಅಂಗಡಿ. ಗಿರಾಕಿಗಳಿದ್ದರು. ಮಾಲೀಕ ಮೂವತ್ತರ ಆಸುಪಾಸಿನವನು, ಏನು ಬೇಕ್ರಿ ಅಮ್ಮಾ ಎಂದು ಕುರ್ಚಿ ಎಳೆದು ಕೊಟ್ಟ. ಏನೂ ಬೇಡಪ್ಪ, ಇಲ್ಲಿ ಮೊದಲಿದ್ದ ದಸ್ತಗೀರ್ ಸಾಬರ ವಿಷಯ ಒಂದು ಮಾತು ಹೇಳಬೇಕು, ಇವರೆಲ್ಲ ಕೇಳಲಿ ಎಂದೆ. ಯಾರವರು ಎಂದ. ಕುರ್ಚಿಯಲ್ಲಿ ಕೂರಲಿಲ್ಲ. ನಿಂತುಕೊಂಡೇ, ಎಲ್ಲರಿಗೂ ಕೇಳುವ ಹಾಗೆ ಹೇಳತೊಡಗಿದೆ.